ಲಾರಿ ಸಾಹೇಬರ ಲಾಯ

ಕಾಫಿ ಸ್ಟೋರಿನ ಗೋಡೆ ಕೆಡವುವಾಗ ಅದು ಮೇಸ್ತ್ರಿಯ ಮೇಲೆಯೇ ಬೀಳಬಹುದು. ಕೊಟ್ಟಿಗೆಯ ಅಟ್ಟದಲ್ಲಿ ನಾಗರಹಾವು ಸಂಸಾರ ಹೂಡಿರಬಹುದು. ಪಂಚಾಯಿತಿಯವರು ಹೋಂಸ್ಟೇಗೆ ಲೈಸೆನ್ಸ್ ಕೊಡದೇ ಇರಬಹುದು, ಅಥವಾ ಕೊಟ್ಟು, ಎಲ್ಲ ಕಟ್ಟಿ ಮುಗಿಸಿದ ಮೇಲೆ ವಾಪಸ್ ತೆಗೆದುಕೊಳ್ಳಬಹುದು. ಬಂದವರು ಕತ್ತಲಲ್ಲಿ ಕೆರೆಗೆ ಇಳಿಯಬಹುದು. ಅವರ ಸಿಗರೇಟಿನಿಂದ ಹುಲ್ಲಿನ ಮೆದೆಗೆ ಬೆಂಕಿ ಬೀಳಬಹುದು. ಕುದುರೆ ಒದೆಯಬಹುದು. ಕುದುರೆಯನ್ನು ಚಿರತೆ ಹಿಡಿಯಬಹುದು. ಆನೆ ಬರಬಹುದು. ಆನೆ ಬಂದಾಗ ಕುದುರೆಯ ಮೇಲೆ ಯಾರದ್ದಾದರೂ ಮಗು ಕೂತಿರಬಹುದು. ಯಾರೂ ಬರದೇ ಹೋಗಬಹುದು. ಅದಕ್ಕಿಂತ ಕಷ್ಟ, ಎಲ್ಲರೂ ಒಟ್ಟಿಗೆ ಬರಬಹುದು.

ಇದಿಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ ಲಾರಿ ಸಾಹೇಬರು ಬಲಗೈ ಬೆರಳಿನ ಗೆಣ್ಣುಗಳ ಮೇಲೆ ಎಣಿಸಿಕೊಳ್ಳುತ್ತಿದ್ದರು. ಆ ಕೈ ಅವರ ಎಡಗೈಗೆ ಜೋಡಿಯೇ ಅಲ್ಲವೇನೋ ಅನ್ನಿಸುತ್ತಿತ್ತು. ಲಾರಿಯ ಕಿಟಕಿಯ ಮೇಲೆ ಮೊಣಕೈ ಊರಿಕೊಂಡೇ ಆಯುಷ್ಯ ಕಳೆದದ್ದರಿಂದ ಅದು ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗೆ, ಸುಕ್ಕುಸುಕ್ಕಾಗಿತ್ತು. ಎಡಗೈ ಮಾತ್ರ ಬೆಳ್ಳಗೆ, ಮೆತ್ತಗೆ, ಬ್ಯಾಂಕಿನಲ್ಲಿ ಕೂತವರ ಕೈ.

"ಇಷ್ಟೇನಾ ತಂಗ್ಯಮ್ಮ, ಇನ್ನೂ ಐತಾ?"

"ಸದ್ಯಕ್ಕೆ ಇಷ್ಟು."

"ಹಂಗಾದ್ರೆ ಚಿರತೇದು ಮೊದ್ಲು ನೋಡನ. ಲಾಯಕ್ಕೆ ಎರಡು ಬಾಗ್ಲು ಹಾಕ್ಸನ, ಒಳಗೊಂದು, ಹೊರಗೊಂದು."

ನನ್ನ ಭಯಕ್ಕೆ ಮನೆಯಲ್ಲಿ ಎಲ್ಲರ ಬಳಿಯೂ ಇರುವುದು ಒಂದೇ ಔಷಧಿ: "ಸುಮ್ನಿರೇ, ಏನೂ ಆಗಲ್ಲ." ಮದುವೆಯಾಗಿ ಈ ತೋಟಕ್ಕೆ ಬಂದಾಗಿನಿಂದ ಅದನ್ನು ನುಂಗುತ್ತಿದ್ದೇನೆ, ಗುಣ ಕಂಡಿಲ್ಲ. ಏನೂ ಆಗಲ್ಲ ಎಂದವರು ಹೋಗಿ ಮಲಗುತ್ತಾರೆ, ನಾನು ಎದ್ದಿರುತ್ತೇನೆ. ಸಾಹೇಬರು ಒಮ್ಮೆಯೂ ಹೆದರಬೇಡಿ ಅನ್ನಲಿಲ್ಲ. "ಘಾಟಿ ಇಳಿಸೋನಿಗೆ ಭಯ ಇರ್ಬೇಕು," ಅನ್ನುತ್ತಿದ್ದರು. "ಭಯ ಇಲ್ದಿರೋ ಡ್ರೈವರ್‌ಗಳ್ನ ನಾನು ಬೇಕಾದಷ್ಟು ನೋಡಿದೀನಿ. ಶಿರಾಡಿ ಕೆಳಗೆ, ಹೊಳೇಲಿ."

ಹೊಂಗಡಹಳ್ಳದ ಕಡೆಯ ನಮ್ಮ ತೋಟದಿಂದ ಹಾಸನಕ್ಕೆ ಕಾಫಿ ಮೂಟೆ ಹೋಗುತ್ತಿದ್ದದ್ದು ಅವರ ಲಾರಿಯಲ್ಲೇ. ಸಕಲೇಶಪುರದ ಪೇಟೆಯವರು. ನಾನು ಹೊಸ ಸೊಸೆಯಾಗಿದ್ದಾಗ, ಹಿಮ್ಮುಖವಾಗಿ ಬರುತ್ತಿದ್ದ ಲಾರಿ ಸ್ಟೋರಿನ ಗೋಡೆಗೆ ತಾಗಿಬಿಟ್ಟೀತು ಎಂದು ಹೆದರಿ ನಡುವೆ ಹೋಗಿ ನಿಂತವಳು. ಸಾಹೇಬರು ಇಳಿದು ಬಂದು, ಗೋಡೆಗೂ ನನಗೂ ಎಷ್ಟು ಅಂತರವಿದೆ ಎಂದು ನೋಡಿ, "ತಂಗ್ಯಮ್ಮ, ಗೋಡೆ ಬಿದ್ರೆ ಕಟ್ಬೌದು," ಎಂದರು. ಅಂದಿನಿಂದ ನಾನು ಅವರಿಗೆ ತಂಗ್ಯಮ್ಮ.

ಆಮೇಲೆ ಒಂದೊಂದೇ ಖಾಲಿಯಾಯಿತು. ಹಾಲು ಪ್ಯಾಕೆಟ್ಟಿನಲ್ಲಿ ಬರತೊಡಗಿ ಕೊಟ್ಟಿಗೆ ಖಾಲಿ. ಕೆಲಸದವರು ಬೆಳಿಗ್ಗೆ ಪಿಕಪ್ಪಿನಲ್ಲಿ ಬಂದು ಸಂಜೆ ಅದರಲ್ಲೇ ಹೋಗತೊಡಗಿ ಲೈನ್ ಮನೆಗಳು ಖಾಲಿ. ಕಾಫಿಯ ಹಸಿ ಹಣ್ಣನ್ನೇ ಕೊಳ್ಳುವವರು ಗೇಟಿನ ತನಕ ಬರತೊಡಗಿ ಸ್ಟೋರೂ ಖಾಲಿ. ಖಾಲಿ ಕಟ್ಟಡವೆಂದರೆ ಸುಮ್ಮನಿರುವುದಿಲ್ಲ. ಇರುವ ಮನೆಗಿಂತ ಹೆಚ್ಚು ಸೇವೆ ಕೇಳುತ್ತದೆ. ಪ್ರತಿ ವರ್ಷ ಹೆಂಚು ಕೈಯಾಡಿಸಬೇಕು, ಗೆದ್ದಲು ಕೆಡವಬೇಕು, ಗೋಡೆಯ ಬಿರುಕು ನೋಡಿ ನಿಟ್ಟುಸಿರು ಬಿಡಬೇಕು. ಕೊನೆಗೆ ನಮ್ಮ ಮನೆಯವರು, "ಎಲ್ಲಾ ಕೆಡವಿ ರೂಮ್ ಕಟ್ಸನ, ಊರೆಲ್ಲಾ ಹೋಂಸ್ಟೇ ಮಾಡ್ಕಂಡೈತೆ," ಎಂದರು. ಬೇಡ ಎನ್ನಲು ನನ್ನಲ್ಲಿ ಕಾರಣಗಳು ಬೇಕಾದಷ್ಟಿದ್ದವು. ಶಕ್ತಿ ಇರಲಿಲ್ಲ.

ಆ ದಿನಗಳಲ್ಲೇ ಸಾಹೇಬರು ಬಸ್ಸಿನಲ್ಲಿ ಬಂದರು. ಲಾರಿಯಿಲ್ಲದ ಸಾಹೇಬರನ್ನು ನಾವು ಅದೇ ಮೊದಲು ನೋಡಿದ್ದು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಲಾರಿಗಳನ್ನು ಅಳಿಯಂದಿರಿಗೆ ಬಿಟ್ಟುಕೊಟ್ಟಿದ್ದರು. ಜಗಲಿಯ ಮೇಲೆ ಕೂತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೇರ ವಿಷಯಕ್ಕೇ ಬಂದರು.

"ಗೌಡ್ರೆ, ರೂಮು ಒಂದು ಕಮ್ಮಿ ಕಟ್ಸಿ. ಸ್ಟೋರ್ ಜಾಗದಲ್ಲಿ ನಂಗೊಂದು ಲಾಯ ಮಾಡ್ಕೊಡಿ. ಕುದ್ರೆ ನಾನ್ ತರ್ತೀನಿ, ಮೇವು ನಂದು, ನೋಡ್ಕಳೋನು ನಾನು. ಬಂದೋರಿಗೊಂದು ಸವಾರಿ ಆಯ್ತದೆ."

ಅವರ ತಾತ ಸಕಲೇಶಪುರದ ರೈಲ್ವೆ ಸ್ಟೇಷನ್ನಿನಲ್ಲಿ ಜಟಕಾ ಇಟ್ಟಿದ್ದರಂತೆ. ತಂದೆಯ ಕಾಲಕ್ಕೆ ಕುದುರೆ ಹೋಗಿ ಲಾರಿ ಬಂತು. ಚಿಕ್ಕಂದಿನಲ್ಲಿ ತಾವು ಮಲಗಿದ್ದದ್ದು ಲಾಯದ ಹುಲ್ಲಿನ ಮೇಲೆ ಎಂದರು.

ನಮ್ಮ ಮನೆಯವರು ನಕ್ಕರು. "ಅಲ್ಲಾ ಸಾಹೇಬ್ರೆ, ಕಣ್ಣು ಕಾಣಲ್ಲ ಅಂತ ಲಾರಿ ಬಿಟ್ಟೋರು ಕುದ್ರೆ ಹೊಡೀತೀರಾ?"

"ಲಾರಿಗೆ ಕಣ್ಣಿಲ್ಲ ಗೌಡ್ರೆ, ಅದಕ್ಕೆ ನನ್ ಕಣ್ಣೇ ಬೇಕಿತ್ತು. ಕುದ್ರೆಗೆ ಅದರದ್ದೇ ಐತಲ್ಲ." ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿ ಹೇಳಿದರು: "ಮನೇಲಿ ಗೋಡೆ ನೋಡ್ಕಂಡು ಕೂರಕ್ ಆಯ್ತಿಲ್ಲ ತಂಗ್ಯಮ್ಮ. ಗೋಡೇನೂ ಸರಿಯಾಗ್ ಕಾಣಲ್ಲ."

ನಮ್ಮ ಮನೆಯವರು ಆಯಿತು ಎಂದದ್ದು ಆ ಮಾತಿಗೆ.

ಕೆಡವುವ ಕೆಲಸ ಕಟ್ಟುವುದಕ್ಕಿಂತ ದಣಿಸುತ್ತದೆ. ಹೆಂಚು ಇಳಿಸಿದ ದಿನ ಸ್ಟೋರಿನೊಳಗೆ ಮೊದಲ ಸಲ ಬಿಸಿಲು ಬಿತ್ತು. ಮೂಲೆಯಲ್ಲಿ ಯಾವ ಕಾಲದ್ದೋ ಕಾಫಿ ಬೀಜಗಳು ಮೊಳೆಯುವ ಆಸೆ ಬಿಟ್ಟು ಬಿದ್ದಿದ್ದವು. ನಾನು ಧೂಳಿನಿಂದ ಸಾಹೇಬರಿಗೆ ಕೆಮ್ಮು ಬರುತ್ತದೆ ಎಂದು ಹೆದರಿ ಒದ್ದೆ ಟವೆಲ್ ಕೊಟ್ಟೆ. ಅವರು ಅದನ್ನು ತಲೆಗೆ ಸುತ್ತಿಕೊಂಡು ಕುರ್ಚಿ ಹಾಕಿ ಕೂತರು. ಗೋಡೆಗಳು ಬಿದ್ದವು, ಮೇಸ್ತ್ರಿಯ ಮೇಲೆ ಬೀಳಲಿಲ್ಲ. ಅಟ್ಟದಲ್ಲಿ ಸಿಕ್ಕಿದ್ದು ಹಾವಲ್ಲ, ಬೆಕ್ಕಿನ ಮರಿಗಳು. ಕೊಟ್ಟಿಗೆಯ ಜಾಗದಲ್ಲಿ ಎರಡು ರೂಮು, ಲೈನಿನ ಜಾಗದಲ್ಲಿ ಎರಡು, ಸ್ಟೋರಿನ ಹಳೆಯ ತೊಲೆಗಳನ್ನೇ ಹಾಕಿ ಲಾಯ.

ಗೃಹಪ್ರವೇಶಕ್ಕೆ ಆಲೂರಿನ ಪಾಳ್ಯದಿಂದ ಬಂದ ನನ್ನ ನಾದಿನಿ ಎಲ್ಲವನ್ನೂ ಸುತ್ತಿ ನೋಡಿ, ಸೊಂಟಕ್ಕೆ ಕೈಯಿಟ್ಟಳು. "ದನ ಕಟ್ಟೋ ಜಾಗದಲ್ಲಿ ಜನ ಮಲಗುಸ್ತೀಯ, ಕಾಫಿ ಇಡೋ ಜಾಗದಲ್ಲಿ ಕುದ್ರೆ ಕಟ್ತೀಯ. ನೀನೆಲ್ಲಿ ಮಲಗ್ತೀಯೇ ಮಾರಾಯ್ತಿ?"

ಸಾಹೇಬರು ಕೂತಲ್ಲಿಂದಲೇ ಹೇಳಿದರು: "ಅವ್ರಿಗೆ ಜಾಗ ಬೇಡ ಬಿಡ್ರಮ್ಮ. ಅವ್ರು ಎದ್ದೇ ಇರ್ತಾರೆ."

ಕುದುರೆಗಳು ಬಂದವು, ಎರಡು. ಮದುವೆ ಮೆರವಣಿಗೆಗೆ ಹೋಗಿ ಹೋಗಿ ಸಾಕಾಗಿದ್ದ ಮುದಿ ಕುದುರೆಗಳು. ಒಂದು ಬಿಳಿ, ಒಂದು ಕಂದು. ಬ್ಯಾಂಡ್ ಸೆಟ್ಟನ್ನೂ ಪಟಾಕಿಯನ್ನೂ ತಾಳಿಕೊಂಡಿದ್ದರಿಂದ ಅವಕ್ಕೆ ಲೋಕದಲ್ಲಿ ಬೆಚ್ಚಿಬೀಳುವಂಥದ್ದು ಏನೂ ಉಳಿದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅತಿಥಿಗಳು ಮೊಬೈಲಿನಲ್ಲಿ ಜೋರಾಗಿ ಸಿನಿಮಾ ಹಾಡು ಹಾಕಿದರೆ ಮಾತ್ರ ಬಿಳಿ ಕುದುರೆ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆರಡು ಹೆಜ್ಜೆ, ಮತ್ತೆ ನಿಲ್ಲುವುದು. ಮೆರವಣಿಗೆ ಇನ್ನೂ ಮುಗಿದಿಲ್ಲ ಎಂದುಕೊಂಡಿತ್ತು ಪಾಪ.

ಸಾಹೇಬರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಕೊನೆಯ ಬಸ್ಸಿಗೆ ಹೋಗುತ್ತಿದ್ದರು. ಕುದುರೆಗಳಿಗೆ ಹೆಸರಿಡಲಿಲ್ಲ, ಎರಡನ್ನೂ "ಗಾಡಿ" ಅನ್ನುತ್ತಿದ್ದರು. ಲಾಳ ಹೊಡೆಸುವುದು ಸರ್ವೀಸ್. ಹುರುಳಿ ನೆನೆಸಿಟ್ಟರೆ ಡೀಸೆಲ್. ಬಿಳಿಯದು ಕುಂಟಿದರೆ "ಮುಂದಿನ ಎಡಗಡೆ ಗಾಳಿ ಕಮ್ಮಿ ಐತೆ." ಕಣ್ಣು ಮಬ್ಬಾಗಿದ್ದರಿಂದ ಎಲ್ಲವನ್ನೂ ಕೈಯಲ್ಲೇ ನೋಡುತ್ತಿದ್ದರು. ಆ ಕಪ್ಪು ಕೈ ಕುದುರೆಯ ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ ನಿಧಾನವಾಗಿ ಇಳಿಯುವುದನ್ನು ನೋಡುತ್ತಾ ನಿಂತರೆ ನನಗೂ ಸ್ವಲ್ಪ ಹೊತ್ತು ಯಾವ ಭಯವೂ ನೆನಪಾಗುತ್ತಿರಲಿಲ್ಲ.

ತೊಂದರೆ ಒಂದೇ. ಅವರು ಯಾರನ್ನೂ ಹತ್ತಿಸುತ್ತಿರಲಿಲ್ಲ.

ಸ್ಟೋರಿನಲ್ಲಿ ಮೂಟೆ ತೂಗುತ್ತಿದ್ದ ಹಳೆಯ ತೂಕದ ಯಂತ್ರ ಗುಜರಿಗೆ ಹೋಗುವುದರಲ್ಲಿತ್ತು. ಸಾಹೇಬರು ಅದನ್ನು ಲಾಯದ ಬಾಗಿಲಿಗೆ ತರಿಸಿ, ಸವಾರಿ ಕೇಳಿದವರನ್ನೆಲ್ಲ ಅದರ ಮೇಲೆ ನಿಲ್ಲಿಸುತ್ತಿದ್ದರು. ಒಂದು ಸಲ ನಾಲ್ಕೂ ರೂಮು ಹಿಡಿದಿದ್ದ ದೊಡ್ಡ ಕುಟುಂಬದ ಯಜಮಾನರು ಬಂದು ನಿಂತರು. ಮುಳ್ಳು ಓಡಿಹೋಗಿ ಕೊನೆಗೆ ತಾಗಿತು. "ಓವರ್‌ಲೋಡ್ ಸಾರ್," ಎಂದರು ಸಾಹೇಬರು. ಆ ಮನುಷ್ಯ ಶೂ ಬಿಚ್ಚಿಟ್ಟು ನಿಂತರು. ಬೆಲ್ಟ್ ಬಿಚ್ಚಿಟ್ಟು ನಿಂತರು. ಮೊಬೈಲು, ಕಾರಿನ ಕೀ, ಕೂಲಿಂಗ್ ಗ್ಲಾಸು ಎಲ್ಲಾ ಹೆಂಡತಿಯ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ನಿಂತರು. ಮುಳ್ಳು ಅಲ್ಲೇ.

"ರೀ, ನಾನು ದುಡ್ಡು ಕೊಟ್ಟು ಬಂದಿರೋನು."

"ನಾನೂ ಚೆಕ್‌ಪೋಸ್ಟಲ್ಲಿ ಹಂಗೇ ಹೇಳ್ತಿದ್ದೆ ಸಾರ್. ಯಾವತ್ತೂ ನಡೀಲಿಲ್ಲ."

ಹೆಂಡತಿ ಬಿದ್ದು ಬಿದ್ದು ನಕ್ಕರು. ಯಜಮಾನರು ನಗಲಿಲ್ಲ. ರೂಮಿಗೆ ಹೋಗಿ ನಮ್ಮ ಬಗ್ಗೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದುವಂತೆ ಬರೆದರು: ಬೋರ್ಡಿನಲ್ಲಿ ಕುದುರೆ ಸವಾರಿ, ಒಳಗೆ ಬರೀ ಕುದುರೆ. ಅವರಿಗಿಂತ ಮುಂಚೆ ಬಂದವರೂ ಹೆಚ್ಚುಕಡಿಮೆ ಹಾಗೆಯೇ ಬರೆದಿದ್ದರು. ನಮ್ಮ ಮನೆಯವರು ಅದನ್ನು ಓದಿ ಫೋನು ಮಡಿಲಿಗೆ ಹಾಕಿಕೊಂಡರು. "ಹಿಂಗಾದ್ರೆ ಲಾಯ ಯಾಕೆ? ತೆಗೆದು ಇನ್ನೊಂದು ರೂಮು ಮಾಡನ. ನೀನೇ ಹೇಳು ಅವ್ರಿಗೆ, ನಿನ್ ಮಾತು ಕೇಳ್ತಾರೆ."

ನಾನು ಹೇಳಬೇಕಾದ ಮಾತನ್ನು ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿದೆ, ಹಾಸಿಗೆ ಬಟ್ಟೆ ಒಣಗಿಸುತ್ತಾ ಅಭ್ಯಾಸ ಮಾಡಿದೆ. ಅದರ ಜೊತೆಗೆ ನನ್ನ ಭಯಗಳೂ ಸೇರಿಕೊಂಡವು: ಮುದಿ ಕುದುರೆಗಳನ್ನು ಯಾರು ಕೊಳ್ಳುತ್ತಾರೆ, ಪೇಟೆಯ ಗಲ್ಲಿಮನೆಯಲ್ಲಿ ಎಲ್ಲಿ ಕಟ್ಟುತ್ತಾರೆ, ಮತ್ತೆ ಗೋಡೆ ನೋಡುತ್ತಾ ಕೂತರೆ ಸಾಹೇಬರು ಎಷ್ಟು ದಿನ ಉಳಿಯುತ್ತಾರೆ. ಕೊನೆಗೊಂದು ಬೆಳಿಗ್ಗೆ ಲಾಯದ ಬಾಗಿಲಲ್ಲಿ ನಿಂತು ಎಲ್ಲವನ್ನೂ ಉಲ್ಟಾ ಕ್ರಮದಲ್ಲಿ, ಲಾಯ ತೆಗೆಯುವ ಮಾತನ್ನು ಕೊನೆಗೆ, ಹೇಳಿಬಿಟ್ಟೆ.

ಸಾಹೇಬರು ಕಂದು ಕುದುರೆಯ ಕತ್ತು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಗೌಡ್ರು ಹೇಳಿದ್ರಲ್ಲಿ ತಪ್ಪಿಲ್ಲ," ಎಂದರು. ಆಮೇಲೆ, "ಓವರ್‌ಲೋಡ್ ಅನ್ನೋದು ನಿಜಾನೇ. ಆದ್ರೆ ಮಕ್ಳು ಓವರ್‌ಲೋಡಾ? ಮಕ್ಳನ್ನೂ ಹತ್ತಿಸ್ಲಿಲ್ಲ ನಾನು. ದಾರಿ ಕಾಣಲ್ಲ ತಂಗ್ಯಮ್ಮ. ಗಾಡಿಗೆ ಕಣ್ಣೈತೆ ಅಂತ ಜಂಬ ಕೊಚ್ಚಿದೆ. ಎದುರಿಂದ ಬೈಕು ಬರೋದು, ತಗ್ಗು, ಆನೆ, ಅದೆಲ್ಲಾ ಹಗ್ಗ ಹಿಡ್ದೋನೇ ನೋಡ್ಬೇಕು. ಯಾರದ್ದೋ ಮಗೀನ ಕೂರ್ಸಿ ಕತ್ಲಲ್ಲಿ ಹೆಂಗ್ ನಡೀಲಿ?"

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಉಜ್ಜುತ್ತಲೇ ಕೇಳಿದರು: "ನೀವ್ ಮುಂದೆ ನಡೀತೀರಾ?"

"ನಾನಾ? ನನಗೆ ಕುದುರೆ ಅಂದ್ರೇ ಭಯ ಸಾಹೇಬ್ರೆ."

"ಅದಕ್ಕೇ ಕೇಳಿದ್ದು. ಧೈರ್ಯ ಇರೋರು ದಾರಿ ನೋಡಲ್ಲ. ನಿಮ್ಮಷ್ಟು ದೂರ ನೋಡೋರು ನಂಗ್ ಇನ್ನೆಲ್ಲಿ ಸಿಗ್ತಾರೆ? ನೀವೇ ಹೆಡ್‌ಲೈಟು."

ಹೀಗೆ ನನ್ನ ಭಯಕ್ಕೆ ಐವತ್ತರ ಮೇಲೆ ಒಂದು ಉದ್ಯೋಗ ಸಿಕ್ಕಿತು. ಸಂಜೆ ಬಿಸಿಲು ಇಳಿದ ಮೇಲೆ ನಾನು ಮುಂದೆ, ಹಿಂದೆ ಹಗ್ಗ ಹಿಡಿದು ಸಾಹೇಬರು, ಅವರ ಹಿಂದೆ ಕುದುರೆ, ಮೇಲೆ ಯಾರದ್ದಾದರೂ ಮಗು. ತೋಟದ ರಸ್ತೆಯಲ್ಲಿ ಕೆರೆಯ ತನಕ ಹೋಗಿ ಬರುವುದು. ನಾನು ಕೂಗುತ್ತಾ ಹೋಗುತ್ತಿದ್ದೆ: ತಗ್ಗು. ಜೇನು. ಬೈಕು. ಲದ್ದಿ, ಹಸಿ ಲದ್ದಿ. ಲದ್ದಿ ಎಂದರೆ ಆನೆಯದು. ಆಗ ಅವರು ಖಚಿತವೇ ಎಂದು ಕೇಳದೆ ಕುದುರೆಯನ್ನು ತಿರುಗಿಸಿಬಿಡುತ್ತಿದ್ದರು. ಆನೆ ಯಾವ ಕಡೆ ಇದೆ ಎಂದು ಫಾರೆಸ್ಟಿನವರೂ ಊರವರ ಮೊಬೈಲಿಗೆ ಮೆಸೇಜ್ ಹಾಕುತ್ತಿದ್ದರು. ಒಂದು ಸಂಜೆ ಬೇಲಿಯ ಪಕ್ಕ ಉರುಳಿಬಿದ್ದಿದ್ದ ಕರಿ ನೀರಿನ ಟ್ಯಾಂಕನ್ನು ಆನೆಯೆಂದು ತಿಳಿದು ಎಲ್ಲರನ್ನೂ ಓಡಿಸಿಕೊಂಡು ಬಂದೆ. ಮಾರನೆಯ ದಿನ ಸಾಹೇಬರು ಬಸ್ಸಿಳಿದು ಬಂದವರೇ, "ಟ್ಯಾಂಕು ಯಾವ ಕಡೆ ಐತಂತೆ, ಫಾರೆಸ್ಟ್‌ನೋರು ಮೆಸೇಜ್ ಹಾಕಿದ್ರಾ?" ಎಂದರು.

ಲಾಯ ರೂಮಾಗಲಿಲ್ಲ. ಮಕ್ಕಳಿರುವವರು ಅದಕ್ಕೆಂದೇ ಬರತೊಡಗಿದರು. ನಮ್ಮ ಮನೆಯವರು ಆ ಮಾತು ಎತ್ತುವುದನ್ನು ಬಿಟ್ಟರು.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಸಾಹೇಬರ ಕಾಲು ಊದಿಕೊಳ್ಳತೊಡಗಿತು. ಒಂದು ವಾರ ಬಂದರೆ ಒಂದು ವಾರ ಇಲ್ಲ. ಆಮೇಲೆ ಪೂರ್ತಿ ಇಲ್ಲ. ಪೇಟೆಯ ಮನೆಗೆ ನೋಡಲು ಹೋದಾಗ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಧ್ವನಿ ಕೇಳಿ ತಿರುಗಿ, "ಗಾಡಿ ಹೆಂಗವೆ?" ಎಂದರು. ಚೆನ್ನಾಗಿವೆ ಎಂದೆ. "ಇವತ್ತೇನು ಭಯ?" ಎಂದು ಕೇಳಿ, ಎಣಿಸಲು ಬಲಗೈ ಎತ್ತಿದರು. ಮೊದಲ ಗೆಣ್ಣಿಗೆ ಬರಬೇಕಾದ ಭಯ ಅವರ ಬಗ್ಗೆಯೇ ಆಗಿದ್ದರಿಂದ, ಏನೂ ಇಲ್ಲ ಎಂದೆ.

"ಸುಳ್ಳು ಹೇಳ್ಬೇಡಿ," ಎಂದರು. ಕೈ ಇಳಿಸಲಿಲ್ಲ.

ನಾಲ್ಕು ದಿನಕ್ಕೆ ಹೋಗಿಬಿಟ್ಟರು. ಗಲ್ಲಿಯ ಹೆಂಗಸರ ಜೊತೆ ಬಾಗಿಲಲ್ಲಿ ನಿಂತು, ಎತ್ತಿಕೊಂಡು ಹೋಗುವುದನ್ನು ನೋಡಿದೆ. ರಸ್ತೆಯ ಉದ್ದಕ್ಕೂ ಲಾರಿಗಳನ್ನು ಬದಿಗೆ ನಿಲ್ಲಿಸಿಕೊಂಡು ಡ್ರೈವರುಗಳು ಕೆಳಗಿಳಿದು ನಿಂತಿದ್ದರು.

ಅಳಿಯಂದಿರು ಕುದುರೆಗಳನ್ನು ಏನು ಮಾಡಿದರೂ ಸರಿ ಎಂದರು. ಅವರಿಗೆ ಇಡಲು ಜಾಗವಿಲ್ಲ. ನಮ್ಮ ಮನೆಯವರು ಆ ರಾತ್ರಿ ಊಟ ಮಾಡುತ್ತಾ, ಈ ಸಲ ಬೇಸರದಿಂದಲೇ, "ಹಗ್ಗ ಹಿಡಿಯೋರು ಯಾರು ಇನ್ನು?" ಎಂದರು.

"ನಾನು," ಎಂದೆ. ಹೇಳಿದ ಮೇಲೆ ಗಾಬರಿಯಾಯಿತು. ಆದರೆ ಅವರು ತಟ್ಟೆಯಿಂದ ತಲೆಯೆತ್ತಿ ನೋಡಿ, ಏನೂ ಆಗಲ್ಲ ಬಿಡು ಎನ್ನದೆ, "ಹುಷಾರು," ಎಂದರು. ಅಷ್ಟು ಸಾಕಾಯಿತು.

ಮುಂದಿನ ಭಾನುವಾರ ಒಂದು ಪುಟ್ಟ ಹುಡುಗಿಯನ್ನು ಕಂದು ಕುದುರೆಯ ಮೇಲೆ ಕೂರಿಸಿಕೊಂಡು ಹೊರಟೆ. ಕಣ್ಣೂ ನಾನೇ, ಹಗ್ಗವೂ ನಾನೇ. ಕುದುರೆ ಬೆದರಬಹುದು, ಜೀನು ಜಾರಬಹುದು, ಹುಡುಗಿ ಅಳಬಹುದು, ತಿರುವಿನಲ್ಲಿ ಜೀಪು ಬರಬಹುದು, ಆನೆ ಇರಬಹುದು ಎಂದು ಒಬ್ಬಳೇ ಎಣಿಸಿಕೊಂಡು ಕೆರೆಯ ತನಕ ಹೋಗಿ ಬಂದೆ. ಜೀಪು ಬರಲಿಲ್ಲ. ಆನೆ ಇರಲಿಲ್ಲ. ಹುಡುಗಿ ದಾರಿಯುದ್ದಕ್ಕೂ ತನ್ನ ಶಾಲೆಯ ಕಥೆ ಹೇಳಿದಳು. ಲಾಯದ ಬಾಗಿಲಲ್ಲಿ ಅವಳನ್ನು ಇಳಿಸಿ ಅವಳಪ್ಪನ ಕೈಗೆ ಕೊಟ್ಟು, ಇನ್ನೇನು ಉಸಿರು ಬಿಡಬೇಕು, ಕುದುರೆ ತನಗೂ ಸಾಕಾಯಿತು ಎನ್ನುವಂತೆ ಮುಂಗಾಲನ್ನು ನಿಧಾನವಾಗಿ ನನ್ನ ಎಡಗಾಲಿನ ಮೇಲೆ ಇಟ್ಟು, ಅಲ್ಲೇ ನಿಂತಿತು. ಹುಡುಗಿಯ ಅಪ್ಪ ಬಂದು ತಳ್ಳುವ ತನಕ ತೆಗೆಯಲಿಲ್ಲ. ಮೂಳೆಗೇನೂ ಆಗಿರಲಿಲ್ಲ, ಉಗುರು ಕಪ್ಪಾಗಿ, ಆಮೇಲೆ ಬಿದ್ದುಹೋಯಿತು. ಇಷ್ಟೆಲ್ಲ ಎಣಿಸಿದವಳು ಹೆಬ್ಬೆರಳಿನ ಬಗ್ಗೆ ಮಾತ್ರ ಯೋಚಿಸಿಯೇ ಇರಲಿಲ್ಲ.