ವ್ಯಾನಿನ ನೆತ್ತಿ

ನಮ್ಮ ಸ್ಟ್ಯಾಂಡಿನಲ್ಲಿ ಅವನನ್ನು ಕರೆಯುವುದು ಪಾಲಿಶಣ್ಣ ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುವುದಿಲ್ಲ. ಪ್ರವಾಸಿಗಳು ವ್ಯಾನಿನಿಂದ ಇಳಿದರೆ ಸಾಕು, ಸೀಟಿನ ಕೆಳಗಿನಿಂದ ಹಳದಿ ಬಟ್ಟೆ ಹೊರಗೆ ಬರುತ್ತದೆ. ಗಾಜು, ಬಾಗಿಲು, ಕನ್ನಡಿ, ಕೊನೆಗೆ ಚಕ್ರದ ನಟ್ಟನ್ನೂ ಬಿಡದೆ ಉಜ್ಜುತ್ತಾನೆ. ನಾವು ಉಳಿದ ಡ್ರೈವರುಗಳು ನೆರಳಿನಲ್ಲಿ ಕಾಲು ಚಾಚಿ ಕೂತಿರುತ್ತೇವೆ. ಅವನ ವ್ಯಾನು ತೋರಿಸಿ ಮಾಲೀಕರು ನಮಗೆ ಬೈಯುತ್ತಾರೆ. ಹೀಗಾಗಿ ಅವನ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಉರಿ ಇದೆ, ಮುಚ್ಚಿಡುವುದೇನು.

ನಮ್ಮದು ಶನಿವಾರ ಭಾನುವಾರದ ಕೆಲಸ. ಎರಡು ದಿನದಲ್ಲಿ ಊರು ಮುಗಿಸಬೇಕೆಂದು ಬರುವವರನ್ನು ಮ್ಯೂಸಿಯಂ, ಹಳೇ ಕೋಟೆ, ಬಂದರು ಅಂತ ಸುತ್ತಿಸಿ, ಕೊನೆಗೆ ಲೈಟ್‌ಹೌಸ್ ಹತ್ತಿಸಿ, ಬೆವರಿನಲ್ಲಿ ತೊಯ್ದವರನ್ನು ವಾಪಸ್ ತಂದುಬಿಡುವುದು. ಯಾವ ಮರದ ನೆರಳು ಮಧ್ಯಾಹ್ನಕ್ಕೆ ಎತ್ತ ತಿರುಗುತ್ತದೆ, ಯಾವ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆ ಕೇಳಿ, ನಿದ್ದೆಯಲ್ಲೂ ಹೇಳುತ್ತೇವೆ. ಒಳಗೇನಿದೆ ಅಂತ ಮಾತ್ರ ಕೇಳಬೇಡಿ. ಡ್ರೈವರ್ ಗಾಡಿ ಬಿಟ್ಟು ಕದಲಬಾರದು ಅನ್ನುವುದು ಆಫೀಸಿನ ಕಟ್ಟಪ್ಪಣೆ. ಊರು ತೋರಿಸುವ ನಾವು ಯಾರೂ ಊರು ನೋಡಿದವರಲ್ಲ.

ಪಾಲಿಶಣ್ಣನ ಹೆಂಡತಿ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಸಣ್ಣ ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ಮಕ್ಕಳಿರಲಿಲ್ಲ. ಕಾರ್ಯ ಮುಗಿದ ವಾರಕ್ಕೆ ಅವನು ಹಳದಿ ಬಟ್ಟೆ ಹಿಡಿದು ನಿಂತಿದ್ದ. ಒಂದು ಹನಿ ಕಣ್ಣೀರು ಹಾಕಿದ್ದನ್ನು ಯಾರೂ ಕಂಡಿಲ್ಲ. ಎಂಥ ಕಲ್ಲು ಮನುಷ್ಯ ಅಂತ ಸ್ಟ್ಯಾಂಡಿನಲ್ಲಿ ಎಲ್ಲರೂ ಆಡಿಕೊಂಡರು, ನಾನೂ ಆಡಿಕೊಂಡೆ. ಒಂದು ದಿನ ತಡೆಯಲಾರದೆ ಮುಖಕ್ಕೇ ಕೇಳಿಬಿಟ್ಟೆ.

“ಏನೂ ಅನ್ನಿಸ್ತಿಲ್ಲ ಕಣೋ,” ಅಂದ. “ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಡ್ತಾರಲ್ಲ, ಹಾಗಾಗಿದೆ. ನನ್ನ ಕೆನ್ನೆ ನಾನೇ ಮುಟ್ಟಿಕೊಂಡ್ರೂ ಬೇರೆ ಯಾರದ್ದೋ ಅನ್ಸುತ್ತೆ.”

ಹೀಗಿರುವಾಗ ಅವನ ನಾದಿನಿ ಬಂದಳು, ತೀರಿಕೊಂಡವಳ ಒಡಹುಟ್ಟಿದ ತಂಗಿ. ದೂರದ ಊರಿನಲ್ಲಿ ಟೈಲರಿಂಗ್ ಮಾಡುವವಳು, ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸಿಗೆ ವಾಪಸ್. ಊರು ನೋಡಬೇಕು ಅಂದಳು. ಮಾಲೀಕರು ದೊಡ್ಡ ಮನಸ್ಸು ಮಾಡಿ ವ್ಯಾನಿನ ಮುಂದಿನ ಸೀಟು ಪುಕ್ಕಟೆ ಬಿಟ್ಟುಕೊಟ್ಟರು. ಗಾಡಿ ಹೊರಡುವ ಮುಂಚೆಯೇ ಅವಳು ಬಂದ ಕಾರಣ ಹೇಳಿದಳಂತೆ.

“ಅಮ್ಮ ಹಾಸಿಗೆ ಹಿಡಿದಿದಾರೆ ಭಾವ. ಒಂದೇ ಮಾತು ಕೇಳ್ತಾರೆ. ನನ್ನ ಮಗಳು ಆ ಊರಲ್ಲಿ ಇಷ್ಟು ವರ್ಷ ಇದ್ದಳಲ್ಲ, ಏನಾದರೂ ಕಣ್ಣಾರೆ ಕಂಡಳಾ, ಇಲ್ಲ ಪಾತ್ರೆ ತಿಕ್ಕಿಕೊಂಡೇ ಹೋದಳಾ ಅಂತ. ನಾನು ಹೋಗಿ ಏನು ಹೇಳಲಿ?”

“ಎಲ್ಲಾ ನೋಡಿದಾಳೆ ಕಣಮ್ಮ,” ಅಂದ ಪಾಲಿಶಣ್ಣ. “ನಾನೇ ಕರ್ಕೊಂಡು ಹೋಗಿದ್ದೆ.”

ಹಸಿ ಸುಳ್ಳು. ಹೆಂಡತಿ ಕೇಳಿದಾಗಲೆಲ್ಲ ಅವನು, ಸುತ್ತಿ ಸುತ್ತಿ ಸಾಕಾಗಿದೆ, ಮುಂದಿನ ತಿಂಗಳು ನೋಡೋಣ ಅಂತ ತಳ್ಳಿಹಾಕಿದ್ದು ನನಗೇ ಗೊತ್ತು. ನಾವೆಲ್ಲ ನಮ್ಮ ಮನೆಯವರಿಗೆ ಹೇಳುವುದೂ ಇದನ್ನೇ.

ಸುಳ್ಳು ಸಂಜೆಯವರೆಗೂ ಬಾಳಲಿಲ್ಲ. ಮ್ಯೂಸಿಯಂ ಮುಂದೆ ಅವನು ಬಾಯಿಪಾಠ ಒಪ್ಪಿಸಿದ: ಮಹಡಿ ಮೇಲೆ ತಿಮಿಂಗಿಲದ ಅಸ್ಥಿಪಂಜರ ಇದೆ, ತಪ್ಪದೆ ನೋಡಿ, ಅರ್ಧ ಗಂಟೆಯಲ್ಲಿ ಬನ್ನಿ. ಯಾವ ಕಾಲದಲ್ಲೋ ಯಾರೋ ಪ್ರವಾಸಿ ಹೇಳಿದ ಮಾತು, ನಾವೆಲ್ಲರೂ ಅದನ್ನೇ ಒದರುತ್ತೇವೆ. ನಾದಿನಿ ಒಳಗೆ ಹೋಗಿ ಮಹಡಿಯ ಮೆಟ್ಟಿಲು ಹುಡುಕಿದ್ದಾಳೆ. ಕಾವಲುಗಾರ ನಕ್ಕು, ಮಹಡಿಗೆ ಬೀಗ ಬಿದ್ದು ಎಷ್ಟೋ ವರ್ಷ ಆಯ್ತಮ್ಮ, ತಿಮಿಂಗಿಲ ಇಲ್ಲೇ ಬಾಗಿಲ ಪಕ್ಕದಲ್ಲೇ ಇದೆ ಅಂದನಂತೆ. ಅವಳು ಬಂದು ಸೀಟಿನಲ್ಲಿ ಕೂತಳು. ಕೋಟೆಗೆ ಇಳಿಯಲಿಲ್ಲ, ಬಂದರಿಗೂ ಇಳಿಯಲಿಲ್ಲ. ಆ ರಾತ್ರಿ ಒಲೆಯ ಮುಂದೆ ನಿಂತು ಬೆನ್ನು ಹಾಕಿಕೊಂಡೇ ಕೇಳಿದಳು.

“ನೀವೇ ಒಳಗೆ ಹೋಗಿಲ್ಲ. ಅಕ್ಕನ್ನ ಎಲ್ಲಿ ಕರ್ಕೊಂಡು ಹೋಗಿದ್ರಿ?”

ನಾಚಿಕೆಯಾದರೂ ಆಗಬೇಕಿತ್ತು, ಅದೂ ಆಗಲಿಲ್ಲ ಅಂತ ನನ್ನ ಹತ್ತಿರ ಹೇಳಿಕೊಂಡ. ಅನ್ನ ಕಲಸಿ ಉಂಡು ಕೈ ತೊಳೆದನಂತೆ.

ಭಾನುವಾರ ಲೈಟ್‌ಹೌಸಿನ ಬುಡದಲ್ಲಿ ನನ್ನ ವ್ಯಾನು ಅವನ ವ್ಯಾನಿನ ಪಕ್ಕದಲ್ಲೇ ನಿಂತಿತ್ತು. ಜನ ಇಳಿದು ಟಿಕೆಟ್ ಸಾಲಿಗೆ ಹೋದರು. ಹಳದಿ ಬಟ್ಟೆ ಹೊರಬಂತು. ನಾದಿನಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಬಾನೆಟ್ಟಿನ ಮೇಲೆ ಬಿಸಾಕಿದಳು.

“ಅಕ್ಕ ಏನೂ ನೋಡಲಿಲ್ಲ ಅಂತ ನಾನು ಅಮ್ಮನಿಗೆ ಹೇಳ್ತೀನಿ. ಅದು ಹೇಗೂ ಇದ್ದಿದ್ದೇ. ಆದರೆ ಅವಳು ನೋಡದೇ ಹೋದದ್ದು ಏನು ಅಂತ ನೀವೂ ಒಂದು ಸಲ ನೋಡಿ. ಬನ್ನಿ ಮೇಲೆ.”

“ಗಾಡಿ ಬಿಟ್ಟು ಹೆಂಗಮ್ಮ ಬರಲಿ?”

“ಹೋಗಣ್ಣ, ನಾನು ನೋಡ್ಕೋತೀನಿ,” ಅಂದೆ. ಅವನು ನನ್ನನ್ನು ಶತ್ರುವಿನ ಥರ ನೋಡಿ, ಅವಳ ಹಿಂದೆ ಹೋದ.

ಮೇಲೆ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಸುತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಮಂಡಿ ಪದ ಹಾಡುತ್ತಿತ್ತು. ನಾದಿನಿ ಸಮುದ್ರದ ಕಡೆ ಮುಖ ಮಾಡಿ ನಿಂತಳು. ಸಮುದ್ರ ಅವನಿಗೆ ಏನೂ ಅನ್ನಿಸಲಿಲ್ಲ, ಬರೀ ನೀರು. ಡ್ರೈವರ್ ಬುದ್ಧಿ ಬಿಡಬೇಕಲ್ಲ, ತಿರುಗಿ ಕೆಳಗೆ ತನ್ನ ಗಾಡಿ ಹುಡುಕಿದ. ಬಿಳಿ ವ್ಯಾನುಗಳ ಸಾಲಿನಲ್ಲಿ ತನ್ನದು ಯಾವುದೆಂದು ಗುರುತೇ ಸಿಗಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದರಿಂದ ಗೊತ್ತಾಯಿತಂತೆ.

ವ್ಯಾನಿನ ನೆತ್ತಿಯನ್ನು ಅವನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಅಂಚಿನ ಸುತ್ತ, ಕೈಗೆ ಎಟುಕಿದಷ್ಟು ದೂರ ಮಾತ್ರ, ಥಳಥಳ. ನಡುವೆ ವರ್ಷಗಟ್ಟಲೆಯ ಮಣ್ಣು, ಕಾಗೆಯ ಹೇಲು, ಒಣಗಿದ ಎಲೆ.

ಆಗ ಅವನಿಗೆ ಒಂದು ಹಳೆಯ ಭಾನುವಾರ ನೆನಪಾಯಿತು. ಅವನು ಕೆಲಸ ಮುಗಿಸಿ ಬಂದಾಗ ಹೆಂಡತಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಏನಾಯ್ತೇ ಅಂದರೆ, ಏನಿಲ್ಲ, ಕಾಲು ಸೆಳೀತಿದೆ ಅಂದಿದ್ದಳು. ಊಟಕ್ಕೆ ಕೂತಾಗ ಅವನ ಬೋಳುತಲೆ ನೋಡಿ ನೋಡಿ ಒಳಗೊಳಗೇ ನಗುತ್ತಿದ್ದಳು.

“ಅಲ್ಲಾ ರೀ, ನಿಮ್ಮ ತಲೆ ನಡುವೆ ಹೊಳೆಯುತ್ತೆ. ನಿಮ್ಮ ವ್ಯಾನಿನ ತಲೆ ಸುತ್ತ ಹೊಳೆಯುತ್ತೆ. ನಡುವೆಯೂ ಒಂಚೂರು ಒರೆಸಬಾರದಾ?”

“ಮೇಲಿಂದ ಯಾರು ನೋಡ್ತಾರೆ?”

“ನೋಡೋರು ನೋಡ್ತಾರೆ.”

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡುತ್ತಾ ಕಾದಿದ್ದಳು. ನಿನಗೆ ಹೇಗೆ ಗೊತ್ತು ಅಂತ ಅವನು ಕೇಳಲಿಲ್ಲ. ಸಾರು ಹಾಕು ಅಂದ. ವ್ಯಾನು ಯಾವತ್ತೂ ಆಫೀಸಿನ ಶೆಡ್ಡಿನಲ್ಲೇ ನಿಲ್ಲುವುದು. ಇವರ ಮನೆ ನೆಲಮಾಳಿಗೆಯ ಒಂದು ಕೋಣೆ. ಅವಳಿಗೆ ವ್ಯಾನಿನ ನೆತ್ತಿ ಕಂಡಿದ್ದರೆ ಈ ಲೈಟ್‌ಹೌಸಿನ ಮೇಲಿನಿಂದಲೇ ಕಂಡಿರಬೇಕು.

ಕಂಬಿ ಹಿಡಿದುಕೊಂಡು ಅವನು ನಾದಿನಿಯನ್ನು ಕರೆದ. “ಬಂದಿದ್ದಳು ಕಣಮ್ಮ. ಒಬ್ಬಳೇ ಬಂದಿದ್ದಳು. ಇಲ್ಲೇ ನಿಂತಿದ್ದಳು.” ಎಲ್ಲ ಹೇಳಿದ. ಅವಳು ಕೆಳಗೆ ಬಗ್ಗಿ ನೋಡಿದಳು, ಅವನ ಬೋಳುತಲೆ ನೋಡಿದಳು, ನಗುತ್ತಲೇ ಅಳತೊಡಗಿದಳು.

“ಇದನ್ನ ಅಮ್ಮನಿಗೆ ಹೇಳ್ತೀನಿ,” ಅಂದಳು. “ನೀವು ಕೆಳಗಿದ್ರಿ, ಅವಳು ಮೇಲಿದ್ದಳು. ಕೈ ಬೀಸಿರ್ತಾಳೆ ಭಾವ. ಅಕ್ಕ ಸುಮ್ಮನಿರೋಳಲ್ಲ.”

ಅವನು ಅವಳಿಗೆ ಅಲ್ಲೇ ಇರು ಅಂತ ಸನ್ನೆ ಮಾಡಿ ಒಬ್ಬನೇ ಇಳಿದು ಬಂದ.

ಇಲ್ಲಿಂದ ಮುಂದಿನದನ್ನು ನಾನೇ ಕಂಡೆ. ಬಂದವನು ಹಳದಿ ಬಟ್ಟೆ ಮುಟ್ಟಲಿಲ್ಲ. ತಾನು ಯಾವಾಗಲೂ ಗಾಜು ಒರೆಸುವ ಜಾಗದಲ್ಲಿ ನಿಂತು ತಲೆ ಎತ್ತಿದ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೊಬ್ಬರೂ ಹಾಗೆ ತಲೆ ಎತ್ತಿದ್ದನ್ನು ನಾನು ನೋಡಿಲ್ಲ. ಮೇಲಿನಿಂದ ನಾದಿನಿ ಕೈ ಬೀಸಿದಳು. ಪಾಲಿಶಣ್ಣನೂ ಕೈ ಎತ್ತಿದ. ಮುಖವೆಲ್ಲಾ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ನಾದಿನಿ ಮೆಟ್ಟಿಲಿಳಿದು ಬಂದು ಅವನ ಪಕ್ಕದಲ್ಲಿ ನಿಂತಳು. ಮೇಲೆ ಅವಳು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಅವನು ಇನ್ನೂ ಕೈ ಬೀಸುತ್ತಲೇ ಇದ್ದ.