ಬೊಟ್ಟಿಲ್ಲದ ಹಾಳೆ

ಹೋದ ವಾರ ಆದೋನಿಯ ಬಜಾರಿನಲ್ಲಿ ಬಳೆ ಅಂಗಡಿಯಾಕೆ ನನ್ನ ಮುಂದೆ ಬೊಟ್ಟಿನ ಹಾಳೆಗಳನ್ನು ಹರವಿದಳು. ನೆಂಟರ ಮದುವೆಗೆಂದು ನಾನು ಕೇಳಿದ್ದು ಹರಳಿನ ಬೊಟ್ಟು. ಆಕೆ ಕೊಟ್ಟದ್ದರ ನಡುವೆ ತೊಗರಿಬೇಳೆ ಗಾತ್ರದ, ಬರೀ ಕೆಂಪು ಬೊಟ್ಟಿನ ಒಂದು ಹಾಳೆ ಇತ್ತು. ಅದನ್ನು ಹಿಡಿದುಕೊಂಡು ನಿಂತುಬಿಟ್ಟೆ. "ಯಾಕ್ರಿ ಅಕ್ಕಾರ, ಆರಾಮಿಲ್ಲೇನು?" ಎಂದಳು. ಆ ಬಜಾರಿನಲ್ಲಿ ನನ್ನ ಮೂಗಿಗೆ ಸುಟ್ಟ ಹತ್ತಿಯ ವಾಸನೆ ಬಡಿದಿತ್ತು.

ಬಹಳ ವರ್ಷಗಳ ಹಿಂದೆ ನಾನು ಊರ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ರಿಜಿಸ್ಟರು ಬರೆಯುತ್ತಿದ್ದೆ. ಹತ್ತಿಯಿಂದ ಕಾಳು ಬಿಡಿಸುವ ಹನ್ನೆರಡು ಜಿನ್ನು ಯಂತ್ರ, ಅವಕ್ಕೆಲ್ಲ ಒಬ್ಬರೇ ಫಿಟ್ಟರು. ಇಡೀ ಮಿಲ್ಲಿಗೆ ಅವರು ಫಿಟ್ಟರ್ ಮಾವ. ನನಗೆ ಅವರು ಸಂಬಂಧದಲ್ಲಿ ಏನೂ ಅಲ್ಲ. ಆದರೂ ನನ್ನನ್ನು ಸೊಸಿ ಎಂದೇ ಕರೆಯುತ್ತಿದ್ದರು, ಮನೆಯಿಂದ ತಂದ ರೊಟ್ಟಿಯಲ್ಲಿ ಅರ್ಧ ನನಗೆ ಮುರಿದು ಕೊಡುತ್ತಿದ್ದರು.

ಐವತ್ತು ದಾಟಿದ ಮೇಲೆ ಅವರನ್ನು ಮಿಲ್ಲಿನವರು ಮೂರು ದಿನದ ಟ್ರೇನಿಂಗಿಗೆ ಕಳಿಸಿದರು. ಮಾವ ಅಲ್ಲಿಂದ ಬಂದದ್ದು ಗ್ರಾಫ್ ಹಾಳೆಯ ಸುರುಳಿ ಹಿಡಿದುಕೊಂಡು. ಹತ್ತಿಯಲ್ಲಿ ಕಲ್ಲೋ ತಂತಿಯೋ ಸೇರಿ ಬಂದರೆ, ರೋಲರು ಬಿಸಿಯಾದರೆ, ಜಿನ್ನಿನಲ್ಲಿ ಕಿಡಿ ಏಳುತ್ತದೆ. ಹೆಣ್ಣಾಳುಗಳು ಒಂದು ಚೊಂಬು ನೀರು ಚೆಲ್ಲಿ ಆರಿಸಿ ಮರೆತುಬಿಡುತ್ತಿದ್ದರು. ಮಾವ ಮರೆಯಲು ಬಿಡಲಿಲ್ಲ. ಹಾಳೆಯ ಕೆಳಗೆ ಒಂದರಿಂದ ಹನ್ನೆರಡರವರೆಗೆ ಜಿನ್ನುಗಳ ನಂಬರು. ಕಿಡಿ ಎದ್ದ ನಂಬರಿನ ಮೇಲೆ ಒಂದು ಕೆಂಪು ಬೊಟ್ಟು, ಮತ್ತೆ ಎದ್ದರೆ ಅದರ ಮೇಲೆ ಇನ್ನೊಂದು. ಬೊಟ್ಟು ಅವರ ಹೆಂಡತಿಯದು. "ನನ್ನ ಕೈಯಾಗ ಗ್ರೀಸೈತಿ, ನೀನ ಹಚ್ಚವಾ ಸೊಸಿ" ಎನ್ನುತ್ತಿದ್ದರು. ಹಚ್ಚುವವಳು ನಾನೇ ಆದೆ. ಮಷೀನಿಗೂ ಮುತ್ತೈದಿತನ ಬಂತು ನೋಡ್ರಿ ಎಂದು ಹೆಣ್ಣಾಳುಗಳು ನಕ್ಕದ್ದೇ ನಕ್ಕದ್ದು.

ಮೊದಲ ತಿಂಗಳು ಒಂಬತ್ತನೇ ನಂಬರಿನ ಮೇಲೆ ಬೊಟ್ಟಿನ ಗೋಪುರವೇ ಎದ್ದಿತು. ಮಾವ ಅದನ್ನು ಬಿಚ್ಚಿ ನೋಡಿದರೆ ರೋಲರು ಒಂದು ಕಡೆ ವಾಲಿ ಉಜ್ಜುತ್ತಿತ್ತು. ಸರಿ ಮಾಡಿದರು, ಗೋಪುರ ಇಳಿಯಿತು. ಆಮೇಲೆ ಐದು, ಆಮೇಲೆ ಹನ್ನೊಂದು. ಇನ್ನೊಂದು ಹಾಳೆಯಲ್ಲಿ ತಿಂಗಳ ಒಟ್ಟು ಕಿಡಿಯ ಗೆರೆ ಎಳೆದರು. ಅದು ನಿಧಾನಕ್ಕೆ ಇಳಿಯುತ್ತ ಬಂತು. ಆ ಗೆರೆ ನೋಡಿ ಅವರಿಗಾಗುತ್ತಿದ್ದ ಖುಷಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಿಲ್ಲಿನ ಸಾಹುಕಾರರ ಕಣ್ಣಿಗೂ ಅದು ಬಿತ್ತು. "ಬಾಗುಂದಿ! ಭಾಳ ಚಲೋ ಐತಿ" ಎಂದು ಹಾಳೆಗಳನ್ನು ಆಫೀಸಿನ ಗೋಡೆಗೆ ಹಾಕಿಸಿದರು. ಬೊಟ್ಟಿಲ್ಲದ ಜಿನ್ನಿನವರಿಗೆ ತಿಂಗಳ ಕೊನೆಗೆ ಮಿಠಾಯಿ ಡಬ್ಬಿ, ಹೆಚ್ಚು ಬೊಟ್ಟಿನವರಿಗೆ ಎಲ್ಲರ ಮುಂದೆ ಬೈಗುಳ ಎಂದು ಸಾರಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರೇನೋ. ನನಗೆ ಮಾತ್ರ ಇವತ್ತಿಗೂ ಅವರ ಮೇಲಿನ ಸಿಟ್ಟು ಹೋಗಿಲ್ಲ.

ಅದರ ಮುಂದಿನ ತಿಂಗಳು ಹಾಳೆಯ ಮೇಲೆ ಒಂದೂ ಬೊಟ್ಟು ಬೀಳಲಿಲ್ಲ.

ಎಲ್ಲರೂ ಮಿಠಾಯಿ ತಿಂದೆವು. ಮಾವ ಮುಟ್ಟಲಿಲ್ಲ. ಗೋಡೆಯ ಮುಂದೆ ನಿಂತು ಗೆರೆಯನ್ನೇ ನೋಡುತ್ತಿದ್ದರು. "ಸೊಸಿ, ಇಷ್ಟು ದಿನ ಇದು ದಿನ್ನಿ ಇಳದಂಗ ಇಳೀತಿತ್ತು. ಈಗ ಬಾವಿಗೆ ಬಿದ್ದಂಗ ಬಿದ್ದೈತಿ. ಅದ ಹತ್ತಿ, ಅದ ಮಷೀನ, ಅದ ಮಂದಿ. ಕಿಡಿ ಎಲ್ಲಿ ಹೋದ್ವು?" ಎಂದರು. ಹಾಳೆಯತ್ತ ಕೈ ತೋರಿಸಿ, "ಬೋಳು ಹಣಿ ಕಂಡಂಗ ಆಗ್ತೈತವಾ" ಎಂದರು. ನನ್ನವ್ವನ ಹಣೆಯೂ ಹಾಗೇ ಇತ್ತು. ನನಗೆ ಆ ಮಾತು ಚುಚ್ಚಿತು, ಮುಖ ತಿರುಗಿಸಿಕೊಂಡೆ.

ಕಿಡಿ ಎಲ್ಲಿ ಹೋದವು ಎಂದು ನನಗೆ ಗೊತ್ತಿತ್ತು. ಆಸ್ಪರಿ ಕಡೆಯ ಹೆಣ್ಣಾಳುಗಳು ನಾಲ್ಕನೇ ಜಿನ್ನಿನಲ್ಲಿದ್ದರು. "ಅಕ್ಕಾ, ಬೊಟ್ಟು ಹಚ್ಚಬ್ಯಾಡ, ಬೈಸಿಕೊಳ್ಳಾಕ ಆಗಂಗಿಲ್ಲ" ಎಂದು ಒಂದಲ್ಲ, ಮೂರು ಸಲ ಬಂದು ಕೈ ಹಿಡಿದಿದ್ದರು. ಮೂರು ಸಲವೂ ನಾನು ಹೂಂ ಎಂದಿದ್ದೆ. ಮಿಕ್ಕ ಜಿನ್ನುಗಳಲ್ಲಿ ಏನೇನು ಆರಿಸಿ ಮುಚ್ಚಿದ್ದರೋ, ಅದು ನನಗೂ ತಿಳಿಯದು. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಆ ಬೂದಿಯಲ್ಲಿ ಒಂದು ಹಿಡಿ ನನ್ನದು.

ಮಾವ ಒಂದು ದಿನ ನೇರವಾಗಿಯೇ ಕೇಳಿದರು. "ಯಾರ ಹೆಸರೂ ಬ್ಯಾಡ. ಎಷ್ಟು ಅಂತ ಅಷ್ಟ ಹೇಳು. ಒಂದಾದ್ರೂ ಬಿದ್ದಿತ್ತೇನು?"

"ಇಲ್ಲ ಮಾವ" ಎಂದೆ.

ಅವರು ನನ್ನನ್ನು ನಂಬಿದರು, ಆದರೆ ಆ ಗೆರೆಯನ್ನು ನಂಬಲಿಲ್ಲ. ಯಾವುದನ್ನು ಮೊದಲು ಬಿಚ್ಚಬೇಕೆಂದು ಹಾಳೆ ಹೇಳುತ್ತಿರಲಿಲ್ಲವಾದ್ದರಿಂದ, ಒಂದನೇ ನಂಬರಿನಿಂದ ಸಾಲಾಗಿ ಬಿಚ್ಚತೊಡಗಿದರು. ದಿನಕ್ಕೆ ಒಂದೇ ಜಿನ್ನು ನಿಲ್ಲಿಸಲು ಅಪ್ಪಣೆ ಇತ್ತು. ಒಂದು ಆಯಿತು, ಎರಡು ಆಯಿತು. ಮೂರನೆಯದನ್ನು ಬಿಚ್ಚಿ ಕೂತಿದ್ದ ಮಧ್ಯಾಹ್ನ, ನಾಲ್ಕರಿಂದ ಬೆಂಕಿ ಎದ್ದಿತು.

ಅರಳೆಯ ಬೆಂಕಿಗೆ ಸದ್ದಿಲ್ಲ. ಗಾಳಿಯ ಪೈಪಿನಲ್ಲಿ ಎಳೆದುಕೊಂಡು ಅರಳೆ ಕೋಣೆಗೆ ಹೋಯಿತು. ಎಲ್ಲರೂ ಅಂಗಳದತ್ತ ಓಡತೊಡಗಿದೆವು, ಮಾವ ಮಾತ್ರ ಗಾಳಿ ಎಳೆಯುವ ಫ್ಯಾನು ನಿಲ್ಲಿಸಲು ಒಳಗೆ ಹೋದರು. ಫ್ಯಾನು ನಿಂತಿತು. ಅದು ನಿಂತದ್ದಕ್ಕೇ ಉಳಿದವರೆಲ್ಲ ಉಳಿದೆವು. ಅವರನ್ನು ಗೋಣಿತಟ್ಟಿನಲ್ಲಿ ಸುತ್ತಿ ಹೊರಗೆ ತಂದರು...

ಮೂರನೆಯ ದಿನ ಕರ್ನೂಲಿನ ಆಸ್ಪತ್ರೆಗೆ ಹೋದೆ. ಅತ್ತೆ, ಅಂದರೆ ಅವರ ಹೆಂಡತಿ, ಗಂಜಿಯ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬಟ್ಟೆ ಸುತ್ತಿದ ಮುಖದೊಳಗಿಂದ ಮಾವ ಕೇಳಿದರು: "ಯಾವುದ್ರಿಂದ ಹತ್ತಿತು?"

"ನಾಲ್ಕರಿಂದ."

"ಮೊದ್ಲ ಅದ್ರಾಗ ಕಿಡಿ ಬಿದ್ದಿತ್ತೇನವಾ?"

ಅಲ್ಲಿ ಬೈಯುವವರು ಯಾರೂ ಇರಲಿಲ್ಲ, ಕೈ ಹಿಡಿದು ಬೇಡುವವರೂ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಇಲ್ಲ ಎಂದೇ.

"ಹಂಗಾರ ನನಗ ಹಾಳಿ ಓದಾಕ ಬರಲಿಲ್ಲ" ಎಂದರು. ಎರಡು ದಿನಕ್ಕೆ ತೀರಿಕೊಂಡರು.

ಬಳೆ ಅಂಗಡಿಯಿಂದ ಬಂದ ಮರುದಿನ ಸಿ. ಬೆಳಗಲ್‌ಗೆ ಹೋದೆ. ಅತ್ತೆ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಚಹಾ ಕೊಟ್ಟರು, ನನ್ನ ಮಕ್ಕಳನ್ನು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾವನ ಮಾತು ತೆಗೆದರು. "ಮಮ್ಮಕ್ಕಳು ಕೇಳ್ತಾವ, ಅಜ್ಜ ಹೆಂಗ ಸತ್ತಾ ಅಂತ. ಏನ ಹೇಳಲೆವಾ. ಅವ್ರು ಎಣಸೋದ್ರಾಗ ತಪ್ಪಿದ್ರು, ಅದಕ್ಕ ಮಿಲ್ಲು ಸುಡ್ತು. ನಾಚಿಕಿ ಆಗ್ತೈತಿ."

"ಅವ್ರು ತಪ್ಪಲಿಲ್ಲ ಅತ್ತಿ" ಎಂದೆ. ಮೂರು ಕಿಡಿಯ ಮಾತು ಹೇಳಿದೆ. ನಡುವೆ ನಿಲ್ಲದೆ, ಅಳದೆ, ಪೂರ್ತಿ ಹೇಳಿದೆ.

ಅತ್ತೆ ಚಹಾದ ಲೋಟ ಪಕ್ಕಕ್ಕಿಟ್ಟರು. "ಆಸ್ಪತ್ರ್ಯಾಗ ಅವ್ರು ಕೇಳಿದಾಗ ನಾನೂ ಅಲ್ಲೇ ನಿಂತಿದ್ನಲ್ಲವಾ" ಎಂದರು. "ಹೌದು ಅಂತ ಒಂದು ಮಾತು ಅಂದಿದ್ರ, ಆ ಜೀವ ಸಮಾಧಾನದಿಂದ ಹೋಗ್ತಿತ್ತು."

ಎದ್ದು ಒಳಗೆ ಹೋದರು. ಆದೋನಿಯ ಬಸ್ಸಿನ ಹೊತ್ತಾಗುವವರೆಗೆ ನಾನು ಪಡಸಾಲೆಯಲ್ಲೇ ಕೂತಿದ್ದೆ. ಅವರು ಹೊರಗೆ ಬರಲಿಲ್ಲ.