ಸೆಲಿನ್ ಮಾವ್ಶಿಯ ಭದ್ರತಾ ವ್ಯವಸ್ಥೆ

ಈಗ ನಾನು ಕುಳಿತಿರುವುದು ನಮ್ಮದೇ ಊರಿನ ಒಂದು ಹೋಟೆಲಿನ ಕೋಣೆಯಲ್ಲಿ. ಉರ್ವದ ನಮ್ಮ ಮನೆಯಿಂದ ಇಲ್ಲಿಗೆ ಸಿಟಿ ಬಸ್ಸಿನಲ್ಲಿ ಹೆಚ್ಚೆಂದರೆ ಹದಿನೈದು ನಿಮಿಷ. ಅಡುಗೆಕೋಣೆಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೇವೆ. ಧೂಳು ತಡೆಯಲಾರದೆ ನನ್ನ ಪತಿರಾಯರು "ಮೂರು ದಿನ ರಜೆ ಅಂತ ತಿಳ್ಕೊಳ್ಳುವ" ಎಂದು ಇಲ್ಲಿ ಕೋಣೆ ಹಿಡಿದರು. ರಜೆಯ ಮೊದಲ ದಿನವೇ ತಮ್ಮ ಗಡಿಯಾರ, ಮನೆಯ ಬೀರುವಿನ ಬೀಗದ ಕೈ, ನನ್ನ ಎರಡು ಬಳೆ ಇವನ್ನೆಲ್ಲ ಕಪಾಟಿನೊಳಗಿನ ಪುಟ್ಟ ತಿಜೋರಿಗೆ ಹಾಕಿ, ನಾಲ್ಕು ಅಂಕಿ ಒತ್ತಿ ಭದ್ರಪಡಿಸಿದರು. ಇವತ್ತು ಹೊರಡುವ ಹೊತ್ತಿಗೆ ಆ ನಾಲ್ಕು ಅಂಕಿ ಯಾವುದೆಂದು ಮರೆತಿದ್ದಾರೆ. ಅವರ ಹುಟ್ಟಿದ ವರ್ಷ ಒತ್ತಿ ಆಯಿತು, ನನ್ನದು ಆಯಿತು, ಸ್ಕೂಟರಿನ ನಂಬರು ಆಯಿತು, ಮದುವೆಯಾದ ವರ್ಷವೂ ಆಯಿತು. ಆ ಕೊನೆಯದಕ್ಕೆ ನನ್ನನ್ನೇ ಕೇಳಬೇಕಾಯಿತು ಎಂಬುದು ಬೇರೆ ಮಾತು. ತಿಜೋರಿ ಪ್ರತಿ ಸಲವೂ ಕೀಂ ಎಂದು ಕೆಂಪು ದೀಪ ತೋರಿಸುತ್ತದೆ. ಕೆಳಗಿನ ಕೌಂಟರಿನವರು ಅರ್ಧ ಗಂಟೆಯಲ್ಲಿ ಜನ ಕಳಿಸುತ್ತೇವೆ ಎಂದಿದ್ದಾರೆ. ಆ ಅರ್ಧ ಗಂಟೆ ನಿಮಗೂ ಬೇರೆ ಕೆಲಸವಿಲ್ಲದಿದ್ದರೆ ಸೆಲಿನ್ ಮಾವ್ಶಿಯ ವಿಷಯ ಹೇಳುತ್ತೇನೆ.

ಸೆಲಿನ್ ಮಾವ್ಶಿ ನನ್ನ ಅಮ್ಮನ ತಂಗಿ. ಮದುವೆಯಾದವರಲ್ಲ. ಕುವೈತಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಊರಿಗೆ ಬಂದರೆ ಅವರು ಉಳಿಯುತ್ತಿದ್ದುದು ಹೋಟೆಲಿನಲ್ಲಿ. ಬೋಳಾರದಲ್ಲಿ ಅಣ್ಣನ ಮನೆಯಿದೆ, ಉರ್ವದಲ್ಲಿ ನಮ್ಮ ಮನೆಯಿದೆ, ಆದರೂ ಹೋಟೆಲು ಎಂದರೆ ನಮ್ಮ ಬಂಧುಬಳಗದಲ್ಲಿ ಎಷ್ಟು ಮಾತಾಗಿರಬೇಕು ನೀವೇ ಊಹಿಸಿ. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ. ನಾವು ಮಾತಾಡುವುದು ಕೊಂಕಣಿಯಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮನೆಗೆ ಬಂದ್ರೆ ಮೊದಲನೇ ದಿನ ನಾನು ನೆಂಟಳು, ಎರಡನೇ ದಿನ ನರ್ಸ್," ಎಂದರು ಮಾವ್ಶಿ. "ಒಬ್ಬರು ಬಿಪಿ ನೋಡು ಅಂತಾರೆ, ಇನ್ನೊಬ್ಬರು ಮೊಣಗಂಟು ತೋರಿಸ್ತಾರೆ. ಪಕ್ಕದ ಮನೆಯವರು ರಿಪೋರ್ಟ್ ಹಿಡ್ಕೊಂಡು ಗೇಟಿನಲ್ಲಿ ನಿಲ್ತಾರೆ. ಮತ್ತೆ ರಜೆ ಅಂದ್ರೆ ಎಂತ? ಹೋಟೆಲಲ್ಲಿ ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅದೇ ಸುಖ ಮಾರಾಯ್ತಿ."

ನನ್ನ ಸಕ್ಕರೆ ಕಾಯಿಲೆಯ ರಿಪೋರ್ಟನ್ನು ಆಗಷ್ಟೇ ಚೀಲದಿಂದ ಹೊರತೆಗೆಯುವವಳಿದ್ದೆ. ಅದನ್ನು ಹಾಗೆಯೇ ಒಳಗೆ ತಳ್ಳಿದೆ.

ಹೋಟೆಲು ಇಷ್ಟವಾದರೂ ಹೋಟೆಲಿನ ತಿಜೋರಿಯ ಮೇಲೆ ಮಾವ್ಶಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. "ಕಳ್ಳ ಮೊದಲು ನೋಡುವುದೇ ಅದನ್ನು. ಒಳ್ಳೊಳ್ಳೆ ಸಾಮಾನು ಇಲ್ಲಿ ಉಂಟು ಅಂತ ನಾವೇ ಬೋರ್ಡ್ ಹಾಕಿದ ಹಾಗೆ," ಎನ್ನುತ್ತಿದ್ದರು. ಕುವೈತಿನ ಹಾಸ್ಟೆಲಿನಲ್ಲಿ ಆರು ಜನರ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದು ಅವರು ತಮ್ಮದೇ ಒಂದು ಭದ್ರತಾ ವ್ಯವಸ್ಥೆಯನ್ನು ಕಂಡುಕೊಂಡಿದ್ದರು. ನೋಟುಗಳು ಕಾಲಿಗೆ ಕಟ್ಟುವ ಬ್ಯಾಂಡೇಜಿನ ಸುರುಳಿಯೊಳಗೆ. ಪಾಸ್‌ಪೋರ್ಟ್ ದಿಂಬಿನ ಕವಚದಲ್ಲಿ. ಕಿವಿಯೋಲೆ ಒಂದು ಹಳೆಯ ಮದ್ದಿನ ಬಾಟಲಿಯಲ್ಲಿ. ಅದರ ಮೇಲೆ ಅವರದೇ ದುಂಡು ಅಕ್ಷರದಲ್ಲಿ "ಹೊಟ್ಟೆಹುಳದ ಮದ್ದು" ಎಂದು ಬರೆದ ಚೀಟಿ. ಇದರ ಮೇಲೆ ಇನ್ನೊಂದು ನಿಯಮ: ಯಾವ ವಸ್ತುವೂ ಎರಡು ದಿನ ಒಂದೇ ಜಾಗದಲ್ಲಿ ಇರಬಾರದು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ವರ್ಗಾವಣೆಯ ಕೆಲಸ ನಡೆಯುತ್ತಿತ್ತು.

ಇಷ್ಟೆಲ್ಲ ಕಸರತ್ತು ನಿಜವಾಗಿ ಇದ್ದದ್ದು ಒಂದೇ ಒಂದು ವಸ್ತುವಿಗಾಗಿ. ಅದು ನನ್ನ ಅಜ್ಜಿಯ ಎರಡೆಳೆಯ ಚಿನ್ನದ ಸರ. ಅಜ್ಜಿ ತೀರಿಕೊಂಡಾಗ ಮಾವ್ಶಿಗೆ ರಜೆ ಸಿಗಲಿಲ್ಲ. ಮಣ್ಣು ಹಾಕುವುದಕ್ಕೂ ಬರಲಾಗಲಿಲ್ಲ, ತಿಂಗಳ ಪೂಜೆಗೂ ಬರಲಾಗಲಿಲ್ಲ. ಆಮೇಲೆ ಬೋಳಾರದ ಜಾಗ ಪಾಲಾಗುವಾಗ ಅವರು ಕೇಳಿದ್ದು ಆ ಸರವನ್ನು ಮಾತ್ರ. ಊರಿಗೆ ಬಂದಾಗ ಭಾನುವಾರ ಚರ್ಚಿನ ಪೂಜೆಗೆ ಅದನ್ನು ಹಾಕಿಕೊಂಡು ಹೋಗುತ್ತಿದ್ದರು. ಉಳಿದ ಆರು ದಿನ ಅದು ಅಡಗಿರುತ್ತಿತ್ತು.

ನಾನು ಹೇಳುತ್ತಿರುವುದು ಹನ್ನೆರಡು ವರ್ಷದ ಹಿಂದಿನ ಮಾತು, ಮಾವ್ಶಿಯ ಕೊನೆಯ ರಜೆಯದು. ಆ ಸಲ ಅವರ ಮಹಡಿಯ ಕೋಣೆಗಳನ್ನು ಗುಡಿಸಿ ಒರೆಸುತ್ತಿದ್ದವರು ಗುಲಾಬಿ ಎಂಬ ಹೆಂಗಸು. ನಲವತ್ತೈದರ ಆಸುಪಾಸು, ಮಾತು ಕಡಿಮೆ. ನಾನು ಹೋದಾಗಲೆಲ್ಲ ಮಾವ್ಶಿ ಅವರ ಜತೆ ತುಳುವಿನಲ್ಲಿ ಹರಟುತ್ತಿದ್ದರು. ಒಂದು ದಿನ ನೋಡಿದರೆ ಗುಲಾಬಿಯನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಾರೆ. ಸ್ವಂತ ಅಕ್ಕನ ಮಗಳಿಗೆ ಇಲ್ಲದ ಬಿಪಿ ಯಂತ್ರ ಇಲ್ಲಿ ಹೊರಗೆ ಬಂದಿದೆ. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮಾವ್ಶಿಯನ್ನು ನೋಡಲು ಹೋದೆ. ನಾನು ಆಗ ಟೀಚರ್. ಮಾವ್ಶಿ ನನಗೆ ಬಾಗಿಲು ತೆರೆದು ಸ್ನಾನಕ್ಕೆ ಹೋದರು. ಒಳಗಿನಿಂದಲೇ, "ಮೇಜಿನ ಮೇಲೆ ಹಾಲಿನ ಪುಡಿಯ ಡಬ್ಬ ಉಂಟು, ಒಂದು ನಿನಗೆ, ತಗೊಂಡು ಹೋಗು," ಎಂದರು. ಡಬ್ಬ ಎರಡಿದ್ದವು. ಒಂದು ಸೀಲು ಒಡೆಯದ್ದು. ಇನ್ನೊಂದು ಅವರು ಚಹಾಕ್ಕೆಂದು ತೆರೆದು ಕಾಲು ಭಾಗ ಖಾಲಿ ಮಾಡಿದ್ದು. ಈಗ ನಮ್ಮವರ ಸ್ವಭಾವ ನೋಡಿ. ಸೀಲಿನ ಡಬ್ಬ ಎತ್ತಿದರೆ ದುರಾಸೆ ಅನ್ನಿಸೀತು, ಅದನ್ನು ಅವರು ಬೇರೆ ಯಾರಿಗಾದರೂ ಮರ್ಯಾದೆಯಾಗಿ ಕೊಡಬಹುದು, ನಮಗೆ ತೆರೆದದ್ದೇ ಸಾಕು. ಹೀಗೆ ಯೋಚಿಸಿ, ನನ್ನ ದೊಡ್ಡ ಮನಸ್ಸಿಗೆ ನಾನೇ ಮೆಚ್ಚಿ, ತೆರೆದ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಮಾವ್ಶಿಯ ಫೋನು. "ಸರ ಎಲ್ಲಿಟ್ಟೆ ಅಂತ ನೆನಪಾಗ್ತಾ ಇಲ್ಲ."

ನಾನು ಓಡಿದೆ. ಬ್ಯಾಂಡೇಜು ಬಿಚ್ಚಿದೆವು, ಹೊಟ್ಟೆಹುಳದ ಮದ್ದು ಸುರಿದೆವು, ದಿಂಬು ಕೊಡವಿದೆವು. ವಾರವಿಡೀ ಜಾಗ ಬದಲಿಸಿ ಬದಲಿಸಿ ಮಾವ್ಶಿಗೆ ಸೋಮವಾರದ ಜಾಗವೂ ಶುಕ್ರವಾರದ ಜಾಗವೂ ಕಲಸಿಹೋಗಿದ್ದವು. ಅವರ ಮುಖ ಬಿಳಿಚಿತ್ತು. ಆದರೂ ಚರ್ಚಿನ ಹೊತ್ತಾಯಿತೆಂದು ಬರಿಗುತ್ತಿಗೆಯಲ್ಲಿ ಹೊರಟರು. "ಇಲ್ಲೇ ಎಲ್ಲೋ ಉಂಟು. ನೀನು ಯಾರ ಹತ್ರವೂ ಎಂತದೂ ಹೇಳ್ಬೇಡ. ನಾನು ಬಂದು ಹುಡುಕ್ತೇನೆ," ಎಂದರು.

ಅವರ ರಿಕ್ಷಾ ಗೇಟು ದಾಟುವ ಮೊದಲೇ ನಾನು ಮೇನೇಜರರ ಎದುರು ನಿಂತಿದ್ದೆ.

ನನಗೆ ಆಗ ಸರವೊಂದೇ ಕಾಣುತ್ತಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಕೋಣೆಗೆ ಯಾರು ಬರುತ್ತಾರೆ ಎಂದು ಮೇನೇಜರ್ ಕೇಳಿದಾಗ ನನ್ನ ಬಾಯಿಂದ ಗುಲಾಬಿಯ ಹೆಸರು ಬಹಳ ಸಲೀಸಾಗಿ ಬಂತು. ಅವರನ್ನು ಕರೆಸಿದರು. ಅಡುಗೆಮನೆಯ ಹಿಂದೆ ಕೆಲಸದವರು ಊಟ ಮಾಡುವ ಮೇಜಿತ್ತು. ಏಳೆಂಟು ಜನ ಚಹಾ ಕುಡಿಯುತ್ತಿದ್ದರು. ಎಲ್ಲರ ಎದುರು ಆ ಮೇಜಿನ ಮೇಲೆ ಗುಲಾಬಿಯ ಚೀಲವನ್ನು ಮಗುಚಿದರು. ಬುತ್ತಿ, ಬಾಚಣಿಗೆ, ಮಾತ್ರೆಯ ಹಾಳೆ, ಬಸ್ಸಿನ ಚಿಲ್ಲರೆಯ ಪುಟ್ಟ ಪರ್ಸು. ಕೊನೆಗೆ ಒಂದು ಪೊಟ್ಟಣ ವಿದೇಶಿ ಚಾಕಲೇಟು, ಒಂದು ಪೌಡರ್ ಡಬ್ಬ.

"ಇದು ನಿಮ್ಮ ಆಂಟಿಯದ್ದಾ?" ಎಂದರು ಮೇನೇಜರ್.

"ಹೌದು, ನಮ್ಮ ಮಾವ್ಶಿಯದ್ದೇ," ಎಂದೆ.

"ರೂಮಿನ ಅಮ್ಮನೇ ಕೊಟ್ಟದ್ದು," ಎಂದರು ಗುಲಾಬಿ. "ಬೇಡ ಅಂದ್ರೂ ಕೊಟ್ಟದ್ದು. ನೀವು ಕೇಳಿ ನೋಡಿ ಅಕ್ಕ."

ನಾನು ಕೇಳಲಿಲ್ಲ. ಮೇನೇಜರ್ ಅಲ್ಲೇ ತೀರ್ಪು ಕೊಟ್ಟರು: ಸರ ಸಿಗುವವರೆಗೆ ಕೆಲಸಕ್ಕೆ ಬರುವುದು ಬೇಡ, ಸಿಗದಿದ್ದರೆ ಮತ್ತೆ ಯಾವತ್ತೂ ಬೇಡ. ಅಷ್ಟರಲ್ಲಿ ಪೂಜೆ ಮುಗಿಸಿ ಬಂದ ಮಾವ್ಶಿ ವಿಷಯ ತಿಳಿದು ಹಿಂಬದಿಗೇ ಬಂದರು. ಮೇಜಿನ ಮೇಲೆ ಹರಡಿದ್ದನ್ನು ನೋಡಿದರು. "ಚಾಕಲೇಟು ಪೌಡರು ಎರಡೂ ನಾನು ಕೊಟ್ಟದ್ದು," ಎಂದು ಮೇನೇಜರರಿಗೆ ಹೇಳಿ, ಆ ಬುತ್ತಿಯನ್ನು, ಬಾಚಣಿಗೆಯನ್ನು, ಪರ್ಸನ್ನು ಒಂದೊಂದಾಗಿ ಚೀಲಕ್ಕೆ ತುಂಬಿಸಿ ಗುಲಾಬಿಯ ಕೈಗೆ ಕೊಟ್ಟರು. ಮೇನೇಜರ್ ಚಾಕಲೇಟಿನ ವಿಷಯ ಬಿಟ್ಟರು, ಸರದ ವಿಷಯ ಬಿಡಲಿಲ್ಲ. ಗುಲಾಬಿ ಯಾರನ್ನೂ ನೋಡದೆ ಮನೆಗೆ ಹೋದರು.

ಕೋಣೆಗೆ ಬಂದ ಮೇಲೆ ಮಾವ್ಶಿ ನನಗೆ ಬೈಯುತ್ತಾರೆಂದು ಕಾದೆ. ಅವರು ಮಂಚದ ಮೇಲೆ ಕುಳಿತು ಬೇರೆಯೇ ಮಾತು ತೆಗೆದರು.

"ಒಮ್ಮೆ ನಮ್ಮ ವಾರ್ಡಿನಲ್ಲಿ ಒಬ್ಬ ಪೇಶೆಂಟಿನ ವಾಚು ಕಾಣೆಯಾಯ್ತು. ಆ ದಿನ ಡ್ಯೂಟಿಯಲ್ಲಿದ್ದ ನಮ್ಮೆಲ್ಲರ ಬ್ಯಾಗು ಅವರ ಮನೆಯವರ ಎದುರು ಚೆಲ್ಲಿಸಿದ್ರು. ಒಳಬಟ್ಟೆ ಸಮೇತ. ಸಂಜೆ ವಾಚು ಅವರ ಕಾರಿನಲ್ಲೇ ಸಿಕ್ಕಿತು. ಸಿಕ್ಕಿತು ಅಂತ ನಗುತ್ತಾ ಹೇಳಿ ಹೋದ್ರು. ನಮ್ಮ ಬ್ಯಾಗು ತುಂಬಿಸಿ ಕೊಡ್ಲಿಕ್ಕೆ ಯಾರೂ ಬರಲಿಲ್ಲ." ಕೊಡವಿದ ದಿಂಬಿಗೆ ಕವಚ ಹಾಕುತ್ತಾ, "ನನಗೆ ಸರ ಹೋದ್ರೂ ಅಡ್ಡಿಯಿಲ್ಲ ಅಂತ ಹೇಳುವುದಿಲ್ಲ. ಅಮ್ಮನ ಸರ ಅದು. ಆದ್ರೆ ಗುಲಾಬಿಯ ಕೆಲಸ ಹೋದ್ರೆ ನಾನು ಆ ಸರ ಸಿಕ್ಕಿದ್ರೂ ಹಾಕುವುದಿಲ್ಲ," ಎಂದರು.

ಆ ದಿನ ಮನೆಗೆ ಬಂದು ತಲೆನೋವಿಗೆ ಒಂದು ಲೋಟ ಚಹಾ ಮಾಡಿಕೊಳ್ಳುವ ಎಂದು ಮಾವ್ಶಿಯ ಹಾಲಿನ ಪುಡಿಯ ಡಬ್ಬದ ಮುಚ್ಚಳ ತೆಗೆದೆ. ಚಮಚ ಪುಡಿಯ ಒಳಗೆ ಹೋದದ್ದು ಏನಕ್ಕೋ ತಾಗಿತು. ಎಳೆದರೆ ಪ್ಲಾಸ್ಟಿಕ್ಕಿನ ಪುಟ್ಟ ಪೊಟ್ಟಣ. ಅದರೊಳಗೆ ಎರಡೆಳೆಯ ಸರ.

ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ಚಹಾ ಅಲ್ಲಿಗೇ ಬಿಟ್ಟು ಡಬ್ಬ ಎತ್ತಿಕೊಂಡು ಹೊರಟೆ. ಹೋಟೆಲಿಗೆ ಹೋಗುವ ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನಾನು ಯೋಚಿಸಿದ್ದು ಏನು ಗೊತ್ತೇ? ಸರವನ್ನು ಮೆಲ್ಲಗೆ ಮಂಚದ ಸಂದಿಯಲ್ಲಿ ಹಾಕಿ, "ಅಯ್ಯೋ, ಇಲ್ಲೇ ಉಂಟಲ್ಲ" ಎಂದುಬಿಡುವುದು. ಮಾವ್ಶಿಗೆ ಸರ, ಗುಲಾಬಿಗೆ ಕೆಲಸ, ನನಗೆ ಮಾನ. ಮಕ್ಕಳಿಗೆ ಇಪ್ಪತ್ತು ವರ್ಷ ಸತ್ಯ ಹೇಳಬೇಕೆಂದು ಕಲಿಸಿದ ಟೀಚರು, ಬಸ್ಸು ಬಿಜೈ ಸ್ಟಾಪಿಗೆ ಬರುವಷ್ಟರಲ್ಲಿ, ಸುಳ್ಳನ್ನು ಸಂಭಾಷಣೆ ಸಮೇತ ಸಿದ್ಧಪಡಿಸಿದ್ದಳು.

ಬಾಗಿಲು ತೆರೆದ ಮಾವ್ಶಿ ನನ್ನ ಮುಖ ನೋಡಲಿಲ್ಲ, ಕಂಕುಳಲ್ಲಿದ್ದ ಡಬ್ಬ ನೋಡಿದರು. "ನೀನು ಸೀಲಿನದ್ದು ಬಿಟ್ಟು ತೆರೆದದ್ದು ಯಾಕೆ ತಗೊಂಡು ಹೋದದ್ದು?" ಎಂದು ಹಣೆ ಚಚ್ಚಿಕೊಂಡರು. ಸರವನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಅತ್ತರು. ಆಮೇಲೆ ಮುಖ ತೊಳೆದು ಬಂದು, "ಅರ್ಧ ತಪ್ಪು ನನ್ನದು, ಇಟ್ಟ ಜಾಗ ಮರೆತದ್ದು. ಇನ್ನರ್ಧ ನಿನ್ನದು. ನನ್ನದನ್ನು ನಾನು ಹೇಳ್ತೇನೆ, ನಿನ್ನದನ್ನು ನೀನು ಹೇಳು," ಎಂದರು.

ಮಾವ್ಶಿ ಕೆಳಗೆ ಹೋಗಿ ಹೇಳಿದ್ದು ಕೇಳಿ ಮೇನೇಜರ್ ಫೋನು ಮಾಡಿ ಗುಲಾಬಿಗೆ ಮರುದಿನ ಬರಲು ಹೇಳಿದರು. ನಾನು ಶಾಲೆಗೆ ಅರ್ಧ ದಿನದ ರಜೆ ಹಾಕಿ ಹೋದೆ. ಗುಲಾಬಿ ಮೆಟ್ಟಿಲ ಬಳಿ ಸಿಕ್ಕಿದರು. ಸರ ನನ್ನ ಮನೆಯಲ್ಲೇ ಇತ್ತು, ನನ್ನಿಂದ ತಪ್ಪಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

ಅವರು ಪೂರ್ತಿ ಕೇಳಿದರು. "ಸರ ಸಿಕ್ಕಿದ್ದು ಒಳ್ಳೇದಾಯ್ತು ಮೇಡಂ," ಎಂದರು. ನಿನ್ನೆಯ ಅಕ್ಕ ಇವತ್ತು ಮೇಡಂ ಆಗಿದ್ದಳು. "ಆದ್ರೆ ಇಲ್ಲಿ ಮೆಟ್ಟಿಲಲ್ಲಿ ಹೇಳಿದ್ರೆ ನನಗೆ ಮಾತ್ರ ಕೇಳ್ತದೆ. ನನ್ನ ಚೀಲ ಮಗುಚಿದ್ದು ಎಲ್ಲರ ಎದುರು. ಅಲ್ಲೇ ಬಂದು ಹೇಳಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳದಿದ್ದರೆ ಬಿಡುವವರೂ ಆಗಿರಲಿಲ್ಲ.

ನಲವತ್ತು ಮಕ್ಕಳ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದವಳಿಗೆ ಆ ಏಳೆಂಟು ಜನರ ಎದುರು ನಾಲ್ಕು ಮಾತು ಜೋಡಿಸಲು ಹೆಣಗಬೇಕಾಯಿತು. "ಸರ ತಗೊಂಡು ಹೋದದ್ದು ನಾನು. ಗೊತ್ತಿಲ್ಲದೆ ತಗೊಂಡು ಹೋದೆ. ಗುಲಾಬಿಯವರ ಮೇಲೆ ಹೇಳಿದ್ದು ಮಾತ್ರ ಗೊತ್ತಿದ್ದೇ ಹೇಳಿದೆ. ಅದು ನನ್ನ ತಪ್ಪು," ಎಂದೆ. ಗುಲಾಬಿ ತಲೆಯಾಡಿಸಿ, ಸೆರಗು ಸಿಕ್ಕಿಸಿಕೊಂಡು, "ಎರಡನೇ ಮಹಡಿ ಪೂರ್ತಿ ಬಾಕಿ ಉಂಟು," ಎನ್ನುತ್ತಾ ಬಕೆಟು ಎತ್ತಿಕೊಂಡು ಹೋದರು.

ಮಾವ್ಶಿ ಆ ದಿನದಿಂದ ಸರವನ್ನು ಕುತ್ತಿಗೆಯಿಂದ ತೆಗೆದಿಲ್ಲ. ಈಗ ಬಿಜೈಯ ಒಂದು ಫ್ಲಾಟಿನಲ್ಲಿದ್ದಾರೆ. ಎಪ್ಪತ್ತು ದಾಟಿದೆ. ನಮ್ಮ ಬಿಪಿ ಈಗಲೂ ನೋಡುವುದಿಲ್ಲ.

ಅಗೋ, ಜನ ಬಂದರು. ಬಂದವರು ಯಾವುದೋ ಗುಟ್ಟಿನ ಅಂಕಿ ಒತ್ತಿ ಅರ್ಧ ನಿಮಿಷದಲ್ಲಿ ತಿಜೋರಿ ತೆರೆದು ಕೊಟ್ಟು ಹೋದರು. ಗಡಿಯಾರ, ಬೀಗದ ಕೈ, ಬಳೆ, ಎಲ್ಲ ಇದೆ. ಬಳೆಗಳನ್ನು ಚೀಲದ ತಳದಲ್ಲಿ ಇಡುವ ಎಂದು ನನ್ನ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ತೆಗೆದು ಹಾಕಿದೆ. ಸೀರೆಗಳ ನಡುವಿನಿಂದ ಹೋಟೆಲಿನ ಆರು ಸಾಬೂನು, ನಾಲ್ಕು ಶಾಂಪೂ ಬಾಟಲಿ, ಒಂದು ಹೊಲಿಗೆ ಸೂಜಿಯ ಪೊಟ್ಟಣ, ಒಂದು ಕೈ ಒರೆಸುವ ಟವೆಲು ಉರುಳಿದವು. ದಿನಾ ಬೆಳಿಗ್ಗೆ ಹೊಸತು ಇಟ್ಟ ಹಾಗೆ ನಾನೇ ಒಳಗೆ ಸೇರಿಸಿದ್ದು.

"ಟವೆಲು ಎಂತಕ್ಕೆ ಮಾರಾಯ್ತಿ?" ಎಂದರು ಇವರು.

"ದುಡ್ಡು ಕೊಟ್ಟಿದ್ದೇವಲ್ಲ," ಎಂದು ನಗುತ್ತಾ ಹೇಳಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಮದುವೆಯಾದಾಗಿನಿಂದ ನಾನು ಹೋಟೆಲುಗಳಿಂದ ಹೀಗೆಯೇ ತರುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ, ಎಲ್ಲಿಯೂ, ಯಾರೂ ನನ್ನ ಚೀಲವನ್ನು ತೆರೆದು ತೋರಿಸಿ ಎಂದಿಲ್ಲ.